ಲ್ಯಾಬ್‌ವ್ಯೂ ಈಗ ಕಲಿಯೋದು ವೇಸ್ಟಾ?

ನಿಮ್ಮ ಪ್ರಶ್ನೆ ಇದು: ದಾವಣಗೆರೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ಮೂರನೇ ವರ್ಷ ಓದುತ್ತಿದ್ದೀರಿ. ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯನ್ನೇ ಬೇರೆಯವರು ಕೊಂಡುಬಿಟ್ಟರು ಅಂತ ಕೇಳಿದ್ದೀರಿ. ಇನ್ನು ಅಳತೆ ಯಂತ್ರಗಳನ್ನು ಕಂಪ್ಯೂಟರಿನಿಂದ ನಡೆಸುವ ಅವರ ಸಾಫ್ಟ್‌ವೇರ್ ಲ್ಯಾಬ್‌ವ್ಯೂ ಕಲಿತು ಪ್ರಯೋಜನ ಇದೆಯಾ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಒಂದೇ ಸಾಕಾ?

ನಾನೂ ದಾವಣಗೆರೆಯಲ್ಲೇ ಓದಿದವನು. ಈಗ ಬೆಂಗಳೂರಿನಲ್ಲಿ ಟೆಸ್ಟ್ ಬೆಂಚ್, ಅಂದರೆ ಕಂಪನಿಗಳು ತಮ್ಮ ಸರಕನ್ನು ಪರೀಕ್ಷಿಸುವ ವ್ಯವಸ್ಥೆ, ಕಟ್ಟುವ ಕೆಲಸ. ದಿನದ ಅರ್ಧ ಹೊತ್ತು ಲ್ಯಾಬ್‌ವ್ಯೂ ಮುಂದೆಯೇ ಕೂತಿರುತ್ತೇನೆ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಿ.

ವೇಸ್ಟ್ ಅಲ್ಲ. ಆದರೆ ನೀವು ಅಂದುಕೊಂಡಷ್ಟು ದೊಡ್ಡ ವಿಷಯವೂ ಅಲ್ಲ. ಎರಡು ಮೂರು ವಾರ ಕೂತರೆ ಲ್ಯಾಬ್‌ವ್ಯೂ ಕೈಗೆ ಹತ್ತುತ್ತದೆ. ಹತ್ತದೆ ಸತಾಯಿಸುವುದು ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಂಪನಿ ವಿಷಯ. 1976ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಜೇಮ್ಸ್ ಟ್ರುಚರ್ಡ್, ಜೆಫ್ ಕೊಡೊಸ್ಕಿ, ಬಿಲ್ ನೌಲಿನ್ ಅಂತ ಮೂವರು ಶುರು ಮಾಡಿದ್ದು. ಮೂವರೂ ಅಲ್ಲಿನ ಯೂನಿವರ್ಸಿಟಿ ಲ್ಯಾಬ್‌ನಲ್ಲಿ ಕೆಲಸಕ್ಕಿದ್ದವರು. ಅಳತೆ ಮಾಡುವ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವ ಜಿಪಿಐಬಿ ಕಾರ್ಡ್ ಅವರ ಮೊದಲ ಸರಕು. ಲ್ಯಾಬ್‌ವ್ಯೂ ಬಂದದ್ದು 1986ರಲ್ಲಿ, ಆಗ ಬರೀ ಮ್ಯಾಕ್ ಕಂಪ್ಯೂಟರಿಗೆ. ಸರ್ಕ್ಯೂಟ್ ಬರೆಯೋಕೆ ಬರುವವನು ಪ್ರೋಗ್ರಾಂ ಅನ್ನೂ ಹಾಗೇ ಬರೆಯಬಾರದೇಕೆ ಅನ್ನುವ ಯೋಚನೆ ಅದು. ಕೋಡ್ ಸಾಲುಗಳ ಬದಲು ವೈರ್ ಎಳೆಯುತ್ತೀರಿ. ಕಿತ್ತಳೆ ಬಣ್ಣದ ವೈರ್‌ನಲ್ಲಿ ದಶಾಂಶದ ಸಂಖ್ಯೆ, ನೀಲಿಯಲ್ಲಿ ಪೂರ್ಣ ಸಂಖ್ಯೆ, ಹಸಿರಿನಲ್ಲಿ ಹೌದು-ಇಲ್ಲ, ಗುಲಾಬಿಯಲ್ಲಿ ಅಕ್ಷರ. ಸ್ಕ್ರೀನ್ ಮೇಲಿನ ಒಂದೊಂದು ಡಬ್ಬಿ ಒಂದೊಂದು ಕೆಲಸಕ್ಕೆ; ಒಂದು ಡಬ್ಬಿಗೆ ಬೇಕಾದ ಡೇಟಾ ಎಲ್ಲ ಬಂದು ಸೇರಿದ ಮೇಲೆ ಆ ಡಬ್ಬಿ ಕೆಲಸ ಮಾಡುತ್ತದೆ, ಅಷ್ಟೇ.

2020ರಲ್ಲಿ ಹೆಸರನ್ನು ಎನ್‌ಐ ಅಂತ ಚಿಕ್ಕದು ಮಾಡಿಕೊಂಡರು. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ್ದೇ ಎಮರ್ಸನ್ ಕಂಪನಿ ಸುಮಾರು 820 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎಮರ್ಸನ್ ಈ ಲೈನಿಗೆ ಹೊಸಬರೇನಲ್ಲ. ದೊಡ್ಡ ಕಾರ್ಖಾನೆಗಳ ಪೈಪಿನ ಮೇಲೆ ಕೂತಿರುವ ರೋಸ್‌ಮೌಂಟ್ ಟ್ರಾನ್ಸ್‌ಮಿಟರ್ (ಒತ್ತಡ, ಉಷ್ಣತೆ ಅಳೆದು ಕಳಿಸುವ ಯಂತ್ರ) ಅವರದ್ದೇ. ಲ್ಯಾಬ್‌ವ್ಯೂ ಹೊಸ ವರ್ಷನ್ ಆಮೇಲೂ ಬಂದಿವೆ. ಅದೂ ಅಲ್ಲದೆ ಒಂದು ಟೆಸ್ಟ್ ಬೆಂಚ್ ಕಟ್ಟಿದರೆ ಯಾರೂ ಅದನ್ನು ಬೇಗ ಬಿಚ್ಚಿ ಹಾಕುವುದಿಲ್ಲ. ನಾನು ಈಗ ನೋಡಿಕೊಳ್ಳುವ ಒಂದು ಬೆಂಚ್ ನಾನು ಎಸ್ಸೆಸ್ಸೆಲ್ಸಿ ಓದುವಾಗ ಬೇರೆ ಯಾರೋ ಕಟ್ಟಿದ್ದು.

ಇನ್ನು ಆ ಬೇರೆ ವಿಷಯ.

ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವು ಮಂಡಕ್ಕಿ ಭಟ್ಟಿಯ ಮರಳಿನ ಉಷ್ಣತೆ ಅಳೆಯೋಣ ಅಂತ ಹೊರಟೆವು. ಕಾಲೇಜಿನಲ್ಲಿ ಎನ್‌ಐನ 6009 ಅನ್ನುವ, ವೋಲ್ಟೇಜ್ ಅಳೆದು ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಡಬ್ಬಿ ಇತ್ತು. ಕೆ-ಟೈಪ್ ಥರ್ಮೋಕಪಲ್ ಅನ್ನು (ಎರಡು ಬೇರೆ ಲೋಹದ ತಂತಿ ಬೆಸೆದ, ಬಿಸಿಯಾದರೆ ಸಣ್ಣ ವೋಲ್ಟೇಜ್ ಕೊಡುವ ಸೆನ್ಸರ್) ನೇರ ಅದಕ್ಕೇ ಸಿಕ್ಕಿಸಿದೆವು. ಸ್ಕ್ರೀನ್ ಮೇಲೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕುಣಿಯಿತು. ಲೆಕ್ಕ ಹಾಕಿ ನೋಡಿ. ಕೆ-ಟೈಪ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಆ ಡಬ್ಬಿ 14 ಬಿಟ್, ಅಂದರೆ ತನ್ನ ರೇಂಜನ್ನು 16384 ಮೆಟ್ಟಿಲಾಗಿ ಒಡೆದು ಓದುತ್ತದೆ. ಅದರ ಅತಿ ಚಿಕ್ಕ ರೇಂಜ್ ಪ್ಲಸ್-ಮೈನಸ್ 1 ವೋಲ್ಟ್. 2 ವೋಲ್ಟನ್ನು 16384ರಿಂದ ಭಾಗಿಸಿದರೆ ಒಂದು ಮೆಟ್ಟಿಲು 122 ಮೈಕ್ರೋವೋಲ್ಟ್. ಅಂದರೆ 3 ಡಿಗ್ರಿ. ಮೂರಕ್ಕಿಂತ ಚಿಕ್ಕ ಬದಲಾವಣೆ ಅದಕ್ಕೆ ಕಾಣುವುದೇ ಇಲ್ಲ! ಡಬ್ಬಿಯದು ತಪ್ಪಲ್ಲ, ಅದನ್ನು ಮಾಡಿದ್ದೇ ಈ ಕೆಲಸಕ್ಕಲ್ಲ. ಲೆಕ್ಕ ಹಾಕದೆ ಸಿಕ್ಕಿಸಿದ್ದು ನಾವು.

ಆಮೇಲೆ ಥರ್ಮೋಕಪಲ್ ಓದೋಕೇ ಮಾಡಿದ ಮ್ಯಾಕ್ಸ್6675 ಚಿಪ್ ಇರುವ ಸಣ್ಣ ಬೋರ್ಡ್ ತಂದು, ಆರ್ಡುಯಿನೊ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡ್‌ಗೆ ಜೋಡಿಸಿ, ಅಲ್ಲಿಂದ ಲ್ಯಾಬ್‌ವ್ಯೂಗೆ ಕೊಟ್ಟೆವು. ರೂಮಿನಲ್ಲಿ ನೀರು ಕುದಿಸಿ ಪರೀಕ್ಷೆ ಮಾಡಿದರೆ 98 ತೋರಿಸಿತು. ಗೆಳೆಯ ಕೋಡ್‌ನಲ್ಲಿ ಸುಮ್ನೆ ಎರಡು ಕೂಡಿಸಿ 100 ಮಾಡಿಬಿಟ್ಟ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 98ರ ಹತ್ತಿರ. ಸರಿಯಿದ್ದದ್ದನ್ನು ಕೆಡಿಸಿದ್ದೆವು. ಲ್ಯಾಬ್ ಸರ್ ಬೈದ ಮೇಲೆ ಆ ಎರಡನ್ನು ತೆಗೆದೆವು.

ಭಟ್ಟಿಗೆ ಹೋದೆವು. ಥರ್ಮೋಕಪಲ್ ಉದ್ದ ಒಂದು ಮೀಟರ್, ಲ್ಯಾಪ್‌ಟಾಪ್ ಇಡೋಕೆ ಜಾಗ ನಾಲ್ಕು ಮೀಟರ್ ಆಚೆ. ಮನೆ ವೈರಿಂಗ್‌ನ ತಾಮ್ರದ ವೈರ್ ತಂದು ಸುತ್ತಿ, ಕಪ್ಪು ಟೇಪ್ ಹಾಕಿದೆವು. ಬೆಳಿಗ್ಗೆ ಬೆಂಕಿ ಹಿಡಿದ ಮೇಲೆ 230ರ ಆಸುಪಾಸು ತೋರಿಸುತ್ತಿತ್ತು. ಹನ್ನೊಂದರ ಹೊತ್ತಿಗೆ 200ಕ್ಕಿಂತ ಕೆಳಗೆ ಬಂತು. ‘ಬೆಂಕಿ ಕಮ್ಮಿ ಆಗಿದೆ’ ಅಂತ ನಾವು ಓನರ್‌ಗೆ ಹೇಳಿದೆವು. ಅವರು ಒಂದು ಹಿಡಿ ಅಕ್ಕಿ ಮರಳಿಗೆ ಎಸೆದರು. ಚಟಪಟ ಅಂತ ಅರಳಿ ಮೇಲೆ ಬಂತು, ಬೆಳಿಗ್ಗೆಯ ಹಾಗೇ. ‘ನಿಮ್ಮ ಡಬ್ಬಿನೇ ಸುಳ್ಳು ಹೇಳ್ತೈತಲ್ಲೋ’ ಅಂದು ನಕ್ಕರು.

ನಾನು ಎರಡು ಗಂಟೆ ಲ್ಯಾಬ್‌ವ್ಯೂ ಬ್ಲಾಕ್ ಡಯಾಗ್ರಾಂ, ಅಂದರೆ ವೈರ್ ಎಳೆದ ಆ ಪ್ರೋಗ್ರಾಂ, ಕೆದಕಿದೆ. ಅಲ್ಲಿ ಏನೂ ಇರಲಿಲ್ಲ. ಕೊನೆಗೆ ಆ ಟೇಪಿನ ಗಂಟು ಮುಟ್ಟಿದೆ, ಬೆರಳು ಚುರ್ ಅಂತು. ಭಟ್ಟಿ ಬಾಯಿಯ ಪಕ್ಕದಲ್ಲೇ ಇತ್ತು ಅದು.

ಥರ್ಮೋಕಪಲ್ ತುದಿಯ ಉಷ್ಣತೆ ಹೇಳುವುದಿಲ್ಲ. ಈ ತುದಿಗೂ ಆ ತುದಿಗೂ ಇರುವ ವ್ಯತ್ಯಾಸ ಹೇಳುತ್ತದೆ. ಚಿಪ್ ತನ್ನ ಜಾಗದ ಉಷ್ಣತೆಯನ್ನು ತಾನೇ ಅಳೆದು ಅದಕ್ಕೆ ಕೂಡಿಸುತ್ತದೆ. ಥರ್ಮೋಕಪಲ್‌ನದೇ ಲೋಹ ತನ್ನವರೆಗೂ ಬಂದಿದೆ ಅಂತ ಅದು ನಂಬಿರುತ್ತದೆ. ನಾವು ನಡುವೆ ತಾಮ್ರ ಹಾಕಿದ್ದರಿಂದ ಆ ಇನ್ನೊಂದು ತುದಿ ಟೇಪಿನ ಗಂಟಿಗೆ ಬಂದು ನಿಂತಿತ್ತು. ಗಂಟು 70, ಚಿಪ್ 33. ನಡುವಿನ 37 ಡಿಗ್ರಿ ಲೆಕ್ಕದಿಂದಲೇ ಮಾಯ. ಬೆಳಿಗ್ಗೆ ಗಂಟು ಇನ್ನೂ ಕಾದಿರಲಿಲ್ಲ, ಅದಕ್ಕೇ ಆಗ ಸರಿ ಇತ್ತು. ಇದನ್ನು ಲ್ಯಾಬ್‌ವ್ಯೂ ಹೇಳುವುದಿಲ್ಲ, ಪೈಥಾನೂ ಹೇಳುವುದಿಲ್ಲ. ಎರಡೂ ತಪ್ಪು ಸಂಖ್ಯೆಯನ್ನು ಅಷ್ಟೇ ಚಂದವಾಗಿ ಗ್ರಾಫ್ ಹಾಕಿ ಕೊಡುತ್ತವೆ. ನಾನು ಇಂಟರ್‌ವ್ಯೂ ಮಾಡುವಾಗ ಕೇಳುವುದೂ ಇಂಥದ್ದನ್ನೇ. ವೈರ್ ಎಳೆಯೋಕೆ ಬರುತ್ತಾ ಅಂತ ಕೇಳುವುದು ಆಮೇಲೆ.

ಕಲಿಯೋಕೆ ದುಡ್ಡು ಬೇಡ. ಲ್ಯಾಬ್‌ವ್ಯೂ ಕಮ್ಯುನಿಟಿ ಎಡಿಷನ್ 2020ರಿಂದ ಉಚಿತ. ಮನೆಯಲ್ಲಿ ನಿಮ್ಮ ಸ್ವಂತ ಕೆಲಸಕ್ಕೆ ಮಾತ್ರ, ಕಾಲೇಜ್ ಲ್ಯಾಬಿಗೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಆರ್ಡುಯಿನೊ ಜೊತೆ ಮಾತಾಡುವ ಟೂಲ್‌ಕಿಟ್ ಕೂಡ ಅದಕ್ಕೆ ಸಿಗುತ್ತದೆ. ಪೈಥಾನ್ ಖಂಡಿತ ಕಲಿಯಿರಿ. ಎನ್‌ಐ ಡಬ್ಬಿಗಳನ್ನು ಪೈಥಾನ್‌ನಿಂದಲೂ ನಡೆಸಬಹುದು, ಅದಕ್ಕೆ ಕಂಪನಿಯೇ ಲೈಬ್ರರಿ ಕೊಟ್ಟಿದೆ. ಈಗ ನಮ್ಮಲ್ಲಿ ಹೊಸ ಬೆಂಚ್‌ಗಳಲ್ಲಿ ಎರಡೂ ಕಲೆತೇ ಇರುತ್ತವೆ. ಕೆಲಸ ಜಾಸ್ತಿ ಇರುವುದು ಬೆಂಗಳೂರಿನಲ್ಲೇ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ನೀವೂ ಥರ್ಮೋಕಪಲ್‌ನಿಂದ ಶುರು ಮಾಡಿದರೆ ಕೆ-ಟೈಪ್‌ನದೇ ಎಕ್ಸ್‌ಟೆನ್ಷನ್ ವೈರ್ ತರಿಸಿ. ದಾವಣಗೆರೆಯಲ್ಲಿ ನನಗೆ ಸಿಕ್ಕಿರಲಿಲ್ಲ, ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದಿದ್ದೆ. ಬಣ್ಣ ನೋಡಿ ಜೋಡಿಸಿ. ಹಳದಿ-ಕೆಂಪು ಜೋಡಿ ಬಂದರೆ ಅದು ಅಮೆರಿಕದ ಪದ್ಧತಿ, ಅಲ್ಲಿ ಕೆಂಪೇ ಮೈನಸ್. ಹಸಿರು-ಬಿಳಿ ಬಂದರೆ ಹಸಿರು ಪ್ಲಸ್. ಕಾಯಿಸಿದಷ್ಟೂ ಸ್ಕ್ರೀನ್ ಮೇಲಿನ ಸಂಖ್ಯೆ ಇಳಿಯುತ್ತಾ ಹೋದರೆ ವೈರ್ ಉಲ್ಟಾ ಆಗಿದೆ ಅಂತ, ತಿರುಗಿಸಿ ಹಾಕಿ.