ಪ್ರತಿಕ್ರಿಯೆ: ಮುಂಗೈ ಮೇಲಿನ ಹಚ್ಚೆಯನ್ನು ಪೂರ್ತಿ ಅಳಿಸಬಹುದೇ?

ಮುಂಗೈ ಮೇಲೆ ಕಪ್ಪು ಮತ್ತು ಹಸಿರು ಶಾಯಿಯಲ್ಲಿ ಬರೆಸಿಕೊಂಡ ಹೆಸರನ್ನು, ಮದುವೆಗೆ ಉಳಿದಿರುವ ಮೂರು ತಿಂಗಳಲ್ಲಿ, ಗುರುತೂ ಉಳಿಯದಂತೆ ತೆಗೆಸಬಹುದೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ತೆಗೆಸಬಹುದು, ಆದರೆ ಗುರುತೂ ಉಳಿಯದು ಎಂಬ ಖಾತರಿಯಿಲ್ಲ, ಅದು ಮೂರು ತಿಂಗಳಲ್ಲಿ ಮುಗಿಯುವ ಕೆಲಸವೂ ಅಲ್ಲ. ಶಾಯಿಯ ಕಣಗಳು ಚರ್ಮದ ಒಳಪದರದಲ್ಲಿ ಕುಳಿತಿರುತ್ತವೆ. ಲೇಸರ್ ಅವುಗಳನ್ನು ಒಡೆದು ಚೂರು ಮಾಡುತ್ತದೆಯಷ್ಟೇ, ಆ ಚೂರುಗಳನ್ನು ಸಾಗಹಾಕುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಬೇಕಾದ್ದರಿಂದ ಎರಡು ಚಿಕಿತ್ಸೆಗಳ ನಡುವೆ ಸಾಮಾನ್ಯವಾಗಿ 6ರಿಂದ 8 ವಾರಗಳ ಅಂತರ ಬೇಕು, ಮತ್ತು ಅಂಥ ಹಲವು ಚಿಕಿತ್ಸೆಗಳು ಬೇಕಾಗುತ್ತವೆ.

ಕಪ್ಪು ಶಾಯಿ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರಿಗೆ ಚೆನ್ನಾಗಿ ಬಗ್ಗುತ್ತದೆ, ನಮ್ಮಂಥವರ ಕಂದು ಚರ್ಮಕ್ಕೆ ಹೆಚ್ಚು ಸುರಕ್ಷಿತವಾದದ್ದೂ ಅದೇ. ಹಸಿರು ಮಾತ್ರ ಹಟಮಾರಿ. ಅದಕ್ಕೆ 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್‌ನಂಥ ಬೇರೆ ಲೇಸರ್ ಬೇಕಾಗುತ್ತದೆ. ಆ ಬೆಳಕನ್ನು ಚರ್ಮಕ್ಕೆ ಸಹಜ ಬಣ್ಣ ಕೊಡುವ ಮೆಲನಿನ್ ಕೂಡ ಹೆಚ್ಚಾಗಿ ಹೀರಿಕೊಳ್ಳುವುದರಿಂದ ಬಿಳಿಚಿದ ಅಥವಾ ಕಪ್ಪಾದ ಕಲೆ ಉಳಿಯುವ ಸಂಭವವಿದೆ. ಹಸಿರು ಶಾಯಿಗೆ ಹೊಂದುವ ಯಂತ್ರವಿದೆಯೇ ಎಂದು ಚರ್ಮವೈದ್ಯರನ್ನು ಮೊದಲೇ ವಿಚಾರಿಸಿ. ಆನ್‌ಲೈನಿನಲ್ಲಿ ಮಾರುವ ಮುಲಾಮುಗಳ ಗೊಡವೆಗೆ ಹೋಗಬೇಡಿ. ತೀಕ್ಷ್ಣ ಆಮ್ಲವಿರುವಂಥವು ಹಚ್ಚೆಯನ್ನು ಬಿಟ್ಟು ಚರ್ಮವನ್ನೇ ಸುಡಬಲ್ಲವು. ಮದುವೆಯ ದಿನಕ್ಕಾದರೆ ಗಟ್ಟಿ ಮೇಕಪ್ಪೇ ಸಾಕು, ಚಿಕಿತ್ಸೆಯನ್ನು ಆಮೇಲೆ ಸಾವಕಾಶವಾಗಿ ಆರಂಭಿಸಬಹುದು.