ಕಣ್ಣು ಮುಚ್ಚಿದರೆ ಮಗಳಿಗೆ ಬರೀ ಕಪ್ಪು, ಅದಕ್ಕೆ ಕ್ಲಾಸ್ ಬೇಡ

ಈ ಪ್ರಶ್ನೆ ನನಗೆ ವಾರಕ್ಕೆ ಎರಡು ಮೂರು ಸಲ ಬರುತ್ತಿದೆ. ಡೊಂಬಿವಲಿಯಿಂದ, ಮೀರಾ ರೋಡಿನಿಂದ, ಪಿಂಪ್ರಿಯಿಂದ. ಕೇಳುವ ರೀತಿ ಬೇರೆ, ಗಾಬರಿ ಒಂದೇ. ಹೋದ ತಿಂಗಳು ಮಾಟುಂಗದಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಪಕ್ಕದವರೂ ಇದನ್ನೇ ಕೇಳಿದರು. ಅದಕ್ಕೆ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಡಂ, ಮಗಳು ಒಂಬತ್ತನೇ ಕ್ಲಾಸ್. ನೆನಪಿನ ಶಕ್ತಿಗೆ ಅಂತ ಒಂದು ಮೆಮರಿ ಕ್ಲಾಸಿಗೆ ಹಾಕಿದ್ದೆವು. ಅಲ್ಲಿ ಕಣ್ಣು ಮುಚ್ಚಿ, ಮನೆಯ ಒಂದೊಂದು ಕೋಣೆಯಲ್ಲಿ ಒಂದೊಂದು ಉತ್ತರ ಇಟ್ಟಿರುವ ಹಾಗೆ ನೋಡಿ ಅಂದರಂತೆ. ಇವಳು ‘ನನಗೆ ಬರೀ ಕಪ್ಪು ಕಾಣುತ್ತೆ’ ಅಂದಿದ್ದಾಳೆ. ಅವರು ನಮ್ಮನ್ನು ಕರೆಸಿ, ಬಲ ಮೆದುಳು ಮಲಗಿದೆ, ಎಬ್ಬಿಸಲು ಆರು ತಿಂಗಳ ಕೋರ್ಸ್, 22,000 ರೂಪಾಯಿ ಅಂದರು. ಓದಿನಲ್ಲಿ ಚೆನ್ನಾಗಿಯೇ ಇದ್ದಾಳೆ. ಆದರೆ ಈಗ ತನಗೇನೋ ಊನ ಇದೆ ಅಂತ ಅಳುತ್ತಾಳೆ. ಇದು ಕಾಯಿಲೆಯಾ? — ಒಬ್ಬ ತಾಯಿ, ಡೊಂಬಿವಲಿ

ಕಾಯಿಲೆ ಅಲ್ಲ. ದುಡ್ಡು ಕಟ್ಟಬೇಡಿ. ಕಟ್ಟಿದ್ದರೆ ವಾಪಸ್ ಕೇಳಿ. ಮಲಗಿರುವ ಅರ್ಧ ಮೆದುಳು ಅಂತ ಒಂದು ಯಾರಿಗೂ ಇಲ್ಲ. ಮನಸ್ಸಿನಲ್ಲಿ ಚಿತ್ರ ಮೂಡಬೇಕಾದರೆ ತಲೆಯ ಹಿಂಭಾಗದ ನೋಟದ ಭಾಗವೂ ಬೇಕು, ಮುಂಭಾಗವೂ ಬೇಕು. ಎಡ, ಬಲ ಎರಡೂ ಕೆಲಸ ಮಾಡುತ್ತವೆ. 14 ವರ್ಷದ ಹುಡುಗಿಗೆ ‘ನಿನ್ನ ಮೆದುಳು ಮಲಗಿದೆ’ ಅಂತ ಹೇಳಿ ಹಣ ಕೇಳುವವರ ಮೇಲೆ ನನಗೆ ತುಂಬಾ ಸಿಟ್ಟಿದೆ. ಯಾಕೆಂದರೆ ಆ ಮಾತು ಕೋರ್ಸ್ ಮುಗಿದ ಮೇಲೂ ಮಗುವಿನ ತಲೆಯಲ್ಲಿ ಉಳಿಯುತ್ತದೆ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂದಿನದನ್ನು ಓದಿ.

‘ಕಣ್ಣಿಗೆ ಕಟ್ಟಿದ ಹಾಗಿದೆ’ ಅಂತ ನಾವು ಎಷ್ಟು ಸಲ ಹೇಳುತ್ತೇವೆ, ಅಲ್ವಾ? ಕೆಲವರಿಗೆ ಅದು ಅಕ್ಷರಶಃ ನಿಜ. ದಾದರ್ ಸ್ಟೇಷನ್ ಹೊರಗಿನ ಹೂವಿನ ಮಾರ್ಕೆಟ್ ನೆನೆಸಿಕೊಳ್ಳಿ ಅಂದರೆ ಸಾಕು, ಚೆಂಡುಹೂವಿನ ರಾಶಿ, ಒದ್ದೆ ನೆಲ, ಬುಟ್ಟಿ ಹೊತ್ತವರು, ಎಲ್ಲಾ ಬಣ್ಣದ ಸಮೇತ ಬಂದು ನಿಲ್ಲುತ್ತದೆ. ಹೆಚ್ಚಿನವರಿಗೆ ಮಸುಕಾಗಿ, ಬಿಟ್ಟು ಬಿಟ್ಟು ಬರುತ್ತದೆ. ಇನ್ನು ಕೆಲವರಿಗೆ ಚಿತ್ರವೇ ಇಲ್ಲ. ಅಲ್ಲಿ ಚೆಂಡುಹೂವು ಇದೆ ಅಂತ ಗೊತ್ತು, ತಾವು ಯಾವಾಗಲೂ ತಗೊಳ್ಳುವ ಅಂಗಡಿ ಎಡಕ್ಕೋ ಬಲಕ್ಕೋ ಅಂತ ಗೊತ್ತು, ರೇಟೂ ನೆನಪಿದೆ, ಆದರೆ ಕಾಣುವುದು ಏನೂ ಇಲ್ಲ. ಇಂಥವರು ‘ಕಣ್ಣಿಗೆ ಕಟ್ಟಿದ ಹಾಗೆ’ ಅನ್ನುವುದು ಬರೀ ಮಾತಿನ ರೀತಿ ಅಂದುಕೊಂಡೇ ದೊಡ್ಡವರಾಗುತ್ತಾರೆ. ನಿಮ್ಮ ಮಗಳಿಗೆ ಅದು 14ಕ್ಕೇ ಗೊತ್ತಾಯಿತು, ಅಷ್ಟೇ. ನನ್ನ ಬಳಿ 50 ದಾಟಿದ ಮೇಲೆ ತಿಳಿದುಕೊಂಡು ಬಂದವರಿದ್ದಾರೆ.

ಇದು ಮೊಬೈಲ್ ಕಾಲದ ಹೊಸ ಸುದ್ದಿಯೂ ಅಲ್ಲ. 1880ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತನ್ನ ಪರಿಚಯದವರಿಗೆಲ್ಲಾ ಒಂದು ಪ್ರಶ್ನಾವಳಿ ಕಳಿಸಿದ್ದ. ಇವತ್ತು ಬೆಳಿಗ್ಗೆ ತಿಂಡಿಗೆ ಕೂತ ಟೇಬಲ್ ನೆನೆಸಿಕೊಳ್ಳಿ, ಬೆಳಕು ಎಷ್ಟಿದೆ, ಬಣ್ಣ ಹೇಗಿದೆ ಹೇಳಿ ಅಂತ. ಮೊದಲು ಉತ್ತರ ಕೊಟ್ಟವರಲ್ಲಿ ಬಹಳ ಮಂದಿ ವಿಜ್ಞಾನಿಗಳು. ಅವರಲ್ಲಿ ಎಷ್ಟೋ ಜನ, ಮನಸ್ಸಿನಲ್ಲಿ ಚಿತ್ರ ಕಾಣುವುದು ಅಂದರೇನು ಅಂತಲೇ ತಮಗೆ ಗೊತ್ತಿಲ್ಲ ಅಂದುಬಿಟ್ಟರು. ಗಾಲ್ಟನ್‌ಗೇ ಆಶ್ಚರ್ಯ. ಆಮೇಲೆ ಈ ವಿಷಯವನ್ನು ಹೆಚ್ಚು ಜನ ಮುಟ್ಟಲಿಲ್ಲ. 2015ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ನರರೋಗ ತಜ್ಞ ಆಡಮ್ ಝೆಮನ್ ಮತ್ತು ಜೊತೆಗಾರರು ಇದಕ್ಕೆ ಅಫ್ಯಾಂಟೇಸಿಯಾ ಅಂತ ಹೆಸರಿಟ್ಟರು. ಅರಿಸ್ಟಾಟಲ್ ಬಳಸಿದ ಫ್ಯಾಂಟೇಸಿಯಾ ಅನ್ನುವ ಗ್ರೀಕ್ ಪದಕ್ಕೆ ‘ಇಲ್ಲ’ ಅನ್ನುವ ಅ ಸೇರಿಸಿದ್ದು. 2022ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕದಲ್ಲಿ, ಚಿತ್ರವೇ ಇಲ್ಲದವರು ಮತ್ತು ತೀರಾ ಮಸುಕಾಗಿ ಕಾಣುವವರು ಸೇರಿ 100ಕ್ಕೆ ಸುಮಾರು 4 ಜನ. ಸ್ವಲ್ಪವೂ ಕಾಣದವರು 100ಕ್ಕೆ 1ಕ್ಕಿಂತ ಕಡಿಮೆ. ಎದುರಿಗೇ ನೋಡಿದಷ್ಟು ಸ್ಪಷ್ಟವಾಗಿ ಕಾಣುವವರೂ 100ಕ್ಕೆ 3 ಜನ ಇದ್ದಾರೆ. ಬೆಳಿಗ್ಗೆ ನೀವು ಹತ್ತುವ ಲೇಡೀಸ್ ಡಬ್ಬಾದಲ್ಲಿ ಈ ಮೂರೂ ಥರದವರು ಇರಬಹುದು. ಮುಖ ನೋಡಿದರೆ ಗೊತ್ತಾಗುವುದಿಲ್ಲ.

‘ಸುಮ್ನೆ ಹೇಳುತ್ತಾಳೆ, ಗಮನ ಕೊಡಲ್ಲ’ ಅಂತ ಅವಳ ಅಪ್ಪ ಅನ್ನುತ್ತಾರೆ ಅಂತಲೂ ಬರೆದಿದ್ದೀರಿ. ಅವರಿಗೆ ಇದನ್ನು ತೋರಿಸಿ. ಜೋರು ಬೆಳಕು ನೋಡಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಬೆಳಕನ್ನು ಬರೀ ಕಲ್ಪಿಸಿಕೊಂಡರೂ ಹೆಚ್ಚಿನವರಲ್ಲಿ ಅದು ಸ್ವಲ್ಪ ಕಿರಿದಾಗುತ್ತದೆ. ಅಫ್ಯಾಂಟೇಸಿಯಾ ಇರುವವರಲ್ಲಿ ನಿಜವಾದ ಬೆಳಕಿಗೆ ಕಿರಿದಾಯಿತು, ಕಲ್ಪಿಸಿಕೊಂಡ ಬೆಳಕಿಗೆ ಆಗಲಿಲ್ಲ. ಆಸ್ಟ್ರೇಲಿಯಾದ ತಂಡವೊಂದು 2022ರಲ್ಲಿ ಇದನ್ನು ಪ್ರಕಟಿಸಿತು. ಪಾಪೆಯನ್ನು ಸಾಮಾನ್ಯವಾಗಿ ಯಾರೂ ಬೇಕೆಂದಾಗ ಕುಗ್ಗಿಸಲಾರರು. ಅದಕ್ಕೂ ಮುಂಚೆ, 2021ರಲ್ಲಿ, ಕತ್ತಲ ಕೋಣೆಯಲ್ಲಿ ಕೂರಿಸಿ ಭಯ ಹುಟ್ಟಿಸುವ ಕಥೆ ಓದಿಸಿದ್ದರು. ಬೇರೆಯವರ ಚರ್ಮದಲ್ಲಿ ಬೆವರು ಏರಿದ್ದು ಅಳತೆಗೆ ಸಿಕ್ಕಿತು, ಅಫ್ಯಾಂಟೇಸಿಯಾ ಇರುವವರಲ್ಲಿ ಏರಲೇ ಇಲ್ಲ ಅನ್ನಬಹುದು. ಭಯದ ಫೋಟೋ ತೋರಿಸಿದಾಗ ಮಾತ್ರ ಎಲ್ಲರಿಗೂ ಒಂದೇ ಥರ ಏರಿತು. ಅಂದರೆ ಭಾವನೆ ಇಲ್ಲದವರಲ್ಲ. ಓದಿದ್ದು ಚಿತ್ರವಾಗಿ ಎದುರಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಜನ ಎಡವುವುದು ಇಲ್ಲಿ: ಚಿತ್ರ ಕಾಣುವುದಿಲ್ಲ ಅಂದರೆ ಕಲ್ಪನೆಯೇ ಇಲ್ಲ, ನೆನಪೂ ಇಲ್ಲ ಅಂದುಕೊಳ್ಳುತ್ತಾರೆ. ತಪ್ಪು. ಒಂದು ಪ್ರಯೋಗದಲ್ಲಿ ಕೋಣೆಗಳ ಫೋಟೋ ತೋರಿಸಿ, ಮುಚ್ಚಿಟ್ಟು, ನೆನಪಿನಿಂದ ಚಿತ್ರ ಬರೆಯಿರಿ ಅಂದರು. ಅಫ್ಯಾಂಟೇಸಿಯಾ ಇರುವವರು ಬರೆದ ವಸ್ತುಗಳು ಕಡಿಮೆ, ಬಣ್ಣವೂ ಕಡಿಮೆ. ಆದರೆ ಬರೆದದ್ದು ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಇತ್ತು. ಇಲ್ಲದ ವಸ್ತುವನ್ನು ಸೇರಿಸಿದ್ದು ಬೇರೆಯವರಿಗಿಂತ ಇವರೇ ಕಡಿಮೆ. ಯಾವುದು ಎಲ್ಲಿದೆ ಅನ್ನುವ ತಿಳಿವಳಿಕೆ ಬೇರೆ, ಅದು ಹೇಗೆ ಕಾಣುತ್ತದೆ ಅನ್ನುವುದು ಬೇರೆ. ನಿಮ್ಮ ಮಗಳಿಗೆ ಮೊದಲನೆಯದು ಇದೆಯೋ ಇಲ್ಲವೋ ನೋಡಬೇಕಾದರೆ ಮನೆಯಿಂದ ಸ್ಕೂಲಿಗೆ ದಾರಿ ಬರೆಯಲು ಹೇಳಿ. ಬರೆಯುತ್ತಾಳೆ. ಅನಿಮೇಷನ್ ಸಿನಿಮಾ ಕಂಪನಿ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್ ತಮಗೆ ಮನಸ್ಸಿನಲ್ಲಿ ಚಿತ್ರ ಕಾಣುವುದಿಲ್ಲ ಅಂತ ಬಹಿರಂಗವಾಗಿ ಹೇಳಿದ್ದಾರೆ. ಡಿಸ್ನಿಯ ದೊಡ್ಡ ಚಿತ್ರಕಾರ ಗ್ಲೆನ್ ಕೀನ್ ಅವರದೂ ಅದೇ ಕಥೆ. ಚಿತ್ರವೇ ಜೀವನವಾದವರು ಇವರು.

ಓದಿನ ವಿಷಯಕ್ಕೆ ಬರೋಣ. ಕೋಣೆಗಳಲ್ಲಿ ಉತ್ತರ ಇಡುವ ಉಪಾಯ ಮೋಸದ್ದಲ್ಲ, ಬಹಳ ಹಳೆಯದು, ಎಷ್ಟೋ ಜನರಿಗೆ ಕೆಲಸ ಮಾಡುತ್ತದೆ. ಬರದವರ ಮೇಲೆ ಹೇರುವುದು ತಪ್ಪು. ಅವಳು ಪಾಠ ಓದಿ ಪುಸ್ತಕ ಮುಚ್ಚಲಿ, ನೆನಪಿದ್ದಷ್ಟು ಬರೆಯಲಿ, ಬಿಟ್ಟುಹೋದದ್ದನ್ನು ತೆರೆದು ನೋಡಿ ಮತ್ತೆ ಬರೆಯಲಿ. ಹೃದಯದ ಚಿತ್ರ ಕಲಿಯಬೇಕಾದರೆ ಅದನ್ನೇ ದಿಟ್ಟಿಸಿ ಕೂರುವ ಬದಲು ಕೈಯಿಂದ ಮೂರು ಸಲ ಬಿಡಿಸಲಿ. ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಪಾಠ ಹೇಳಲಿ. ಇದಕ್ಕೆಲ್ಲಾ ದುಡ್ಡು ಬೇಕಾಗಿಲ್ಲ.

ಎರಡು ವಿಷಯ ಮುಚ್ಚಿಡುವುದಿಲ್ಲ. ಇಂಥವರಲ್ಲಿ ಕೆಲವರಿಗೆ ತಮ್ಮ ಹಳೆಯ ದಿನಗಳ ನೆನಪು ಸ್ವಲ್ಪ ಬೋಳು ಬೋಳಾಗಿರುತ್ತದೆ. ಕೆಲವರಿಗೆ ಮುಖ ಗುರುತು ಹಿಡಿಯುವುದು ಕಷ್ಟ. ನಿಮ್ಮ ಮಗಳು ಫಂಕ್ಷನ್‌ಗಳಲ್ಲಿ ಸೋದರತ್ತೆಯ ಕಡೆಯವರನ್ನು ಗುರುತಿಸದೆ ಹಾಗೇ ಹೋದರೆ ಜಂಬ ಅಂತ ಬೈಯಬೇಡಿ.

ಕೊನೆಯದಾಗಿ, ಮನಸ್ಸಿನ ಚಿತ್ರ ಎಷ್ಟು ಸ್ಪಷ್ಟ ಅಂತ ಅಳೆಯುವ 16 ಪ್ರಶ್ನೆಗಳ ಒಂದು ಪರೀಕ್ಷೆ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿದೆ. ಅದು 1973ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಮಾರ್ಕ್ಸ್ ಮಾಡಿದ್ದು, ಅಂಕ 16ರಿಂದ 80ರವರೆಗೆ. ಸಂಶೋಧನೆಗೆ ಒಳ್ಳೆಯ ಸಾಧನ. ಆದರೆ ಶಾಲೆಗೆ ಹೋಗುವ ಮಕ್ಕಳಿಗೆ ನಾನು ಅಫ್ಯಾಂಟೇಸಿಯಾ ಅನ್ನುವ ಹೆಸರನ್ನು ಚೀಟಿಯಲ್ಲಿ ಬರೆದುಕೊಡುವುದಿಲ್ಲ, ಎಷ್ಟೇ ಕೇಳಿದರೂ. ಒಮ್ಮೆ ಬರೆದರೆ ಮನೆಯವರು, ಟೀಚರು, ಮಗು, ಎಲ್ಲರೂ ಎಲ್ಲಾ ಸೋಲಿಗೂ ಅದನ್ನೇ ಕಾರಣ ಮಾಡುತ್ತಾರೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಮಿಡ್‌ಬ್ರೇನ್ ಆಕ್ಟಿವೇಷನ್ ಮಾಡಿಸಿದರೆ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುತ್ತಾರಂತೆ, ಮನಸ್ಸಿನ ಕಣ್ಣು ತೆರೆಯುತ್ತದಂತೆ? — ಠಾಣೆ

ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಎಷ್ಟೋ ಕಡೆ ಬಯಲು ಮಾಡಿ ತೋರಿಸಿದ್ದಾರೆ. ಮಗುವಿಗೆ ಸುಳ್ಳು ಹೇಳುವುದನ್ನು ದುಡ್ಡು ಕೊಟ್ಟು ಕಲಿಸಬೇಡಿ.

ಪ್ರಶ್ನೆ: ಅಬಾಕಸ್ ಕ್ಲಾಸ್ ಆದರೂ ಪರವಾಗಿಲ್ಲವಾ? — ವಾಶಿ

ವಡೋದರಾದ ಶಾಲಾ ಮಕ್ಕಳ ಮೇಲೆ ಮೂರು ವರ್ಷ ನಡೆದ ಅಧ್ಯಯನ 2016ರಲ್ಲಿ ಬಂದಿದೆ. ಕೂಡುವುದು ಕಳೆಯುವುದು ಸುಧಾರಿಸಿತು, ಒಟ್ಟಾರೆ ಬುದ್ಧಿ, ಜ್ಞಾಪಕ ಹೆಚ್ಚಲಿಲ್ಲ. ಮಗುವಿಗೆ ಇಷ್ಟ ಇದ್ದರೆ ಕಳಿಸಿ.

ಪ್ರಶ್ನೆ: ದಿನಾ ದೀಪ ದಿಟ್ಟಿಸಿ ನೋಡಿ ಕಣ್ಣು ಮುಚ್ಚಿದರೆ ನನಗೆ ಜ್ಯೋತಿ ಕಾಣುತ್ತದೆ. ಹೀಗೆ ಮಾಡುತ್ತಾ ಹೋದರೆ ಚಿತ್ರಗಳೂ ಬರುತ್ತವಾ? — ಮುಲುಂಡ್

ಆ ಜ್ಯೋತಿ ಕಣ್ಣಿನ ಒಳಪರದೆ ದಣಿದು ಉಳಿಸಿದ ಗುರುತು. ಮನಸ್ಸಿನ ಚಿತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಮನಸ್ಸಿಗೆ ಶಾಂತಿ ಸಿಗುತ್ತಿದ್ದರೆ ಮಾಡಿ, ಸೂರ್ಯನನ್ನು ಮಾತ್ರ ಎಂದೂ ದಿಟ್ಟಿಸಬೇಡಿ.

ಪ್ರಶ್ನೆ: ಮಗ ವಿಷುಯಲ್ ಲರ್ನರ್ ಅಂತ ಸ್ಕೂಲಿನವರು ಹೇಳಿದ್ದಾರೆ, ಎಲ್ಲಾ ವಿಡಿಯೋದಲ್ಲೇ ಕಲಿಸಬೇಕಾ? — ಪಿಂಪ್ರಿ

ಬೇಡ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಅನ್ನುವ ಆ ವಿಂಗಡಣೆಗೆ ಸರಿಯಾದ ಆಧಾರ ಇಲ್ಲ ಅಂತ 2008ರಲ್ಲೇ ಪರಿಶೀಲಿಸಿ ಹೇಳಿಯಾಗಿದೆ.

ಪ್ರಶ್ನೆ: ನಾವು ಮೂಲತಃ ಗದಗದವರು, ಈಗ ಪುಣೆಯಲ್ಲಿದ್ದೇವೆ. ಅವ್ವ ತೀರಿಕೊಂಡು ಎರಡು ವರ್ಷ ಆತು. ಅಕ್ಕ ದಿನಾ ‘ಅವ್ವನ ಮುಖ ಕಣ್ಮುಂದೆ ಬರ್ತದ’ ಅಂತ ಅಳ್ತಾಳ. ನನಗ ಒಮ್ಮೆಯೂ ಬಂದಿಲ್ಲ. ಕನಸಿನಾಗ ಮಾತ್ರ ಕಾಣ್ತಾಳ. ನನಗ ಪ್ರೀತಿ ಕಡಿಮಿ ಇತ್ತೇನ್ರೀ?

ಇಲ್ಲ ಸರ್. ಮುಖ ಕಣ್ಮುಂದೆ ಬರುವುದಕ್ಕೂ ಪ್ರೀತಿಗೂ ಯಾವ ನಂಟೂ ಇಲ್ಲ. ಕನಸಿನಲ್ಲಿ ಕಾಣುವುದೂ ಸಹಜ. ಎಚ್ಚರದಲ್ಲಿ ಚಿತ್ರ ಬರದ ಎಷ್ಟೋ ಜನರಿಗೆ ಕನಸಿನಲ್ಲಿ ಬರುತ್ತದೆ. ಬೇಕೆಂದು ಚಿತ್ರ ತರಿಸಿಕೊಳ್ಳುವುದು ಬೇರೆ, ನಿದ್ದೆಯಲ್ಲಿ ತಾನಾಗಿ ಮೂಡುವುದು ಬೇರೆ. ಅಕ್ಕನ ದುಃಖದ ಜೊತೆ ನಿಮ್ಮದನ್ನು ತೂಗಬೇಡಿ. ಅವ್ವನ ಫೋಟೋ ಓಡಾಡುವ ಜಾಗದಲ್ಲಿ ಇಟ್ಟುಕೊಳ್ಳಿ. ಹಳೆಯ ಫೋನಿನಲ್ಲಿ ಅವರ ವಾಯ್ಸ್ ಮೆಸೇಜ್ ಇದ್ದರೆ ಇವತ್ತೇ ಬೇರೆ ಕಡೆ ಕಾಪಿ ಮಾಡಿಡಿ. ಮುಖ ಬರದವರಲ್ಲಿ ಬಹಳ ಮಂದಿಗೆ ದನಿಯೂ ಮನಸ್ಸಿನಲ್ಲಿ ಕೇಳುವುದಿಲ್ಲ. ಫೋನ್ ಕೆಟ್ಟು ದನಿ ಕಳೆದುಕೊಂಡವರ ಸಂಕಟ ನನಗೆ ಗೊತ್ತು.

ಪ್ರಶ್ನೆ: ನನಗೆ 61. ಮೊದಲು ರಾತ್ರಿ ಮಲಗುವಾಗ ಊರಿನ ಮನೆ, ತೋಟ ಎಲ್ಲಾ ಮನಸ್ಸಿನಲ್ಲಿ ನೋಡಿಕೊಳ್ಳುತ್ತಿದ್ದೆ. ಎರಡು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದರು. ಆಮೇಲಿಂದ ಏನೂ ಕಾಣುವುದಿಲ್ಲ. ವಯಸ್ಸಿನದ್ದು ಅಂತ ಸುಮ್ಮನಿದ್ದೇನೆ. — ವಾಸ್ಕೋ

ಸುಮ್ಮನಿರಬೇಡಿ. ಮೇಲೆ ಬರೆದದ್ದು ಯಾವುದೂ ನಿಮಗೆ ಅನ್ವಯಿಸುವುದಿಲ್ಲ. ಹುಟ್ಟಿನಿಂದ ಇಲ್ಲದಿರುವುದು ಬೇರೆ, ಇದ್ದದ್ದು ಹೋಗುವುದು ಬೇರೆ. ಝೆಮನ್ ತಂಡ 2010ರಲ್ಲಿ ಬರೆದ ರೋಗಿಯ ಕಥೆಯೂ ನಿಮ್ಮದರ ಹಾಗೆಯೇ ಇದೆ. 65ರ ಒಬ್ಬರು, ಹೃದಯದ ಆಂಜಿಯೋಪ್ಲಾಸ್ಟಿ ಆದ ಮೇಲೆ ಮನಸ್ಸಿನ ಚಿತ್ರಗಳೆಲ್ಲಾ ಮಾಯ. ಇಂಥದ್ದರ ಹಿಂದೆ ಮೆದುಳಿಗೆ ಆದ ಸಣ್ಣ ಪೆಟ್ಟು ಇರಬಹುದು, ಮನಸ್ಸು ಕುಗ್ಗಿ ಹೋಗಿರುವುದೂ ಇರಬಹುದು. ನೋಡದೆ ಹೇಳುವವಳು ನಾನಲ್ಲ. ಸ್ಟೆಂಟ್ ಹಾಕಿದ ಡಾಕ್ಟರಿಗೆ ತಿಳಿಸಿ, ನರರೋಗ ತಜ್ಞರನ್ನು ಈ ವಾರವೇ ಕಾಣಿ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಆ ವಿಭಾಗ ಇದೆ. ಡಿಸ್ಚಾರ್ಜ್ ಪೇಪರ್, ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ಎರಡೂ ಕೈಯಲ್ಲಿರಲಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಮನೆಯವರನ್ನೂ ಕರೆದುಕೊಂಡು ಹೋಗಿ, ನಿಮ್ಮ ಗಮನಕ್ಕೆ ಬಾರದ ಬದಲಾವಣೆಯನ್ನು ಅವರು ಹೇಳಬಲ್ಲರು. ನಡುವೆ ಮಾತು ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ, ಕೈಕಾಲಿಗೆ ಶಕ್ತಿ ಇಲ್ಲದ ಹಾಗಾದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.