ಓದುಗರ ಪ್ರಶ್ನೆ: ಸೋರಿಕೆಯಾದ ಪಟ್ಟಿಯನ್ನು ಪ್ರಕಟಿಸಬಹುದೇ?

ಪ್ರಶ್ನೆ: ವಿವಾಹಿತರ ಗುಟ್ಟಿನ ಸಂಬಂಧಗಳಿಗೆಂದೇ ನಡೆಯುತ್ತಿದ್ದ ಆಶ್ಲಿ ಮ್ಯಾಡಿಸನ್ ಎಂಬ ಜಾಲತಾಣದ ಗ್ರಾಹಕರ ವಿವರಗಳು 2015ರಲ್ಲಿ ಬಯಲಾದ ಪ್ರಕರಣವನ್ನು ನಮ್ಮ ತರಗತಿಯಲ್ಲಿ ಚರ್ಚೆಗೆ ಇಟ್ಟಿದ್ದರು. ಕದ್ದವರು ಹ್ಯಾಕರ್‌ಗಳು, ಪಟ್ಟಿ ಹೇಗೂ ಎಲ್ಲರ ಕೈಗೆ ಸಿಕ್ಕಿತ್ತು, ಅದರಲ್ಲಿದ್ದವರು ಸಂಗಾತಿಗೆ ಮೋಸ ಮಾಡಿದವರು. ಹೀಗಿರುವಾಗ ಅವರ ಹೆಸರು ಹೇಳಿದ ಮಾಧ್ಯಮಗಳದ್ದು ತಪ್ಪೇನು ಎಂದು ನಾನು ವಾದಿಸಿದೆ. ನೀವೇನೆನ್ನುತ್ತೀರಿ?
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ವಾದದ ಕೊನೆಯ ಮಾತೇ ಅದರ ದುರ್ಬಲ ಕೊಂಡಿ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಆ ತಾಣದಲ್ಲಿ ಖಾತೆ ತೆರೆಯುವವರು ಕೊಟ್ಟ ಇಮೇಲ್ ವಿಳಾಸ ನಿಜವಾಗಿ ಅವರದ್ದೇ ಎಂಬುದನ್ನು ಕಂಪನಿ ಪರಿಶೀಲಿಸುತ್ತಲೇ ಇರಲಿಲ್ಲ. ಈ ಲೋಪವನ್ನು ಕೆನಡಾ ಮತ್ತು ಆಸ್ಟ್ರೇಲಿಯಾದ ಖಾಸಗಿತನ ಆಯುಕ್ತರು 2016ರ ಆಗಸ್ಟ್‌ನಲ್ಲಿ ಹೊರತಂದ ಜಂಟಿ ವರದಿಯಲ್ಲಿ ಎತ್ತಿ ತೋರಿಸಿದ್ದಾರೆ. ಯಾರು ಬೇಕಾದರೂ ಸಹೋದ್ಯೋಗಿಯ ಅಥವಾ ಆಗದವರ ವಿಳಾಸವನ್ನು ಅಲ್ಲಿ ಬರೆದು ಬರಬಹುದಾಗಿತ್ತು. ಕುತೂಹಲಕ್ಕೆ ಒಮ್ಮೆ ಇಣುಕಿ ಹೋದವರು, ವಿಚ್ಛೇದನವಾದವರು, ಸಂಗಾತಿಗೆ ತಿಳಿಸಿಯೇ ಸೇರಿದವರು, ಎಲ್ಲರೂ ಸುಮಾರು 3.6 ಕೋಟಿ ಖಾತೆಗಳ ಆ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಂತಿದ್ದರು. ಹೆಸರು ನಿಜವೇ ಎಂದು ಖಚಿತಪಡಿಸಿಕೊಳ್ಳದೆ ಪ್ರಕಟಿಸಬಾರದೆಂಬುದು ನಿಮ್ಮ ವೃತ್ತಿಯ ಮೊದಲ ಪಾಠ. ಆದರೆ ಇಲ್ಲಿ ಖಚಿತಪಡಿಸಿಕೊಳ್ಳಲು ವರದಿಗಾರ ಒಬ್ಬರ ಮನೆಗೆ ಫೋನ್ ಮಾಡಿದನೆಂದರೆ, ಅಚ್ಚಾಗುವ ಮೊದಲೇ ಆ ಮನೆಯ ಮಟ್ಟಿಗೆ ಸುದ್ದಿ ಪ್ರಕಟವಾಗಿಯೇ ಹೋಯಿತು.

ಇನ್ನು, ಮೋಸವೇ ನಡೆದಿತ್ತು ಎಂದಿಟ್ಟುಕೊಳ್ಳೋಣ. ಅದು ಯಾರಿಗೆ ಆದ ಮೋಸ? ಸಂಗಾತಿಗೆ, ಓದುಗರಿಗಲ್ಲ. ಆಸ್ಟ್ರೇಲಿಯಾದ ಒಂದು ರೇಡಿಯೊ ಕಾರ್ಯಕ್ರಮದಲ್ಲಿ ಗಂಡನ ಮೇಲೆ ಅನುಮಾನವಿದ್ದ ಕೇಳುಗಳೊಬ್ಬಳು ಕರೆ ಮಾಡಿದಾಗ, ನಿರೂಪಕರು ನೇರ ಪ್ರಸಾರದಲ್ಲೇ ಆತನ ವಿವರವನ್ನು ಪಟ್ಟಿಯಲ್ಲಿ ಹುಡುಕಿ, ಇದೆ ಎಂದು ಹೇಳಿಬಿಟ್ಟರು. ಅನ್ಯಾಯಕ್ಕೊಳಗಾದವಳೆಂದು ಯಾರ ಪರವಾಗಿ ನೀವು ವಾದಿಸುತ್ತಿದ್ದೀರೋ, ಆಕೆಯ ಬದುಕಿನ ಅತಿ ಕೆಟ್ಟ ಗಳಿಗೆಯೇ ಅಪರಿಚಿತರ ಬೆಳಗಿನ ಮನರಂಜನೆಯಾಯಿತು. ಗಂಡನ ಹೆಸರು ಬಯಲಾದಾಗ ಹೆಂಡತಿಯ ಮತ್ತು ಮಕ್ಕಳ ಹೆಸರು ಒಳಗುಳಿಯುವುದಿಲ್ಲ ಎಂಬುದನ್ನು ನಮ್ಮ ಊರುಗಳನ್ನು ಬಲ್ಲ ಯಾರಿಗೂ ವಿವರಿಸಬೇಕಿಲ್ಲ.

‘ಹೇಗೂ ಎಲ್ಲರ ಕೈಗೆ ಸಿಕ್ಕಿತ್ತು’ ಎಂಬ ಮಾತು ಕೇಳಲು ಸರಿಯೆನಿಸುತ್ತದೆ, ಆದರೆ ನಡೆದದ್ದು ಹಾಗಲ್ಲ. ಆಗಸ್ಟ್ 18ರಂದು ಹೊರಬಂದ ಕಡತಗಳು ಇದ್ದದ್ದು ಡಾರ್ಕ್ ವೆಬ್‌ನಲ್ಲಿ. ಅವನ್ನು ಇಳಿಸಿಕೊಳ್ಳಲು ವಿಶೇಷ ಬ್ರೌಸರ್ ಬೇಕಿತ್ತು, ಅವುಗಳ ಗಾತ್ರವೂ ಹಲವು ಗಿಗಾಬೈಟ್‌ಗಳಷ್ಟಿತ್ತು. ಸಾಮಾನ್ಯ ಜನರು ಅವುಗಳನ್ನು ಓದುವಂತಾದದ್ದು, ನಂತರದ ದಿನಗಳಲ್ಲಿ ಬೇರೆಯವರು ಹುಡುಕುವ ಪುಟಗಳನ್ನು ಕಟ್ಟಿ ಕೊಟ್ಟ ಮೇಲೆಯೇ. ಅದೇ ಕಡತಗಳು ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ ಅವರಿಗೂ ಸಿಕ್ಕಿದ್ದವು. ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಮ್ಮ ಸೇವೆಯಲ್ಲಿ ಅವರು ಇಂಥ ಸೋರಿಕೆಗಳನ್ನು ‘ಸೂಕ್ಷ್ಮ’ ಎಂದು ಪ್ರತ್ಯೇಕಿಸಿ, ಇಮೇಲ್ ವಿಳಾಸ ತನ್ನದೆಂದು ದೃಢಪಡಿಸಿದ ವ್ಯಕ್ತಿಗೆ ಮಾತ್ರ ಉತ್ತರ ಸಿಗುವಂತೆ ಮಾಡಿದರು. ಪಟ್ಟಿ ಒಂದೇ, ಒಬ್ಬರು ಅದನ್ನು ಸಂತ್ರಸ್ತರ ಎಚ್ಚರಿಕೆಗೆ ಬಳಸಿದರು, ಇನ್ನೊಬ್ಬರು ಜಾತ್ರೆಗೆ ಇಟ್ಟರು. ಕಳ್ಳತನ ಮಾಡಿದವನು ಬೇರೆ ಎಂಬ ಸಮಾಧಾನ, ಕದ್ದ ಮಾಲನ್ನು ತಾನಾಗಿ ಹಂಚಿದವನಿಗೆ ಸಲ್ಲುವುದಿಲ್ಲ.

ಹ್ಯಾಕರ್‌ಗಳು ಹೇಳಿಕೊಂಡ ನೈತಿಕತೆಯನ್ನೂ ಸ್ವಲ್ಪ ನೋಡಿ. ಖಾತೆಯನ್ನು ಪೂರ್ತಿಯಾಗಿ ಅಳಿಸುತ್ತೇವೆಂದು ಕಂಪನಿ 19 ಡಾಲರ್ ವಸೂಲು ಮಾಡುತ್ತದೆ, ಆದರೆ ಹಣ ಪಾವತಿಯ ದಾಖಲೆಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ ಎಂಬುದು ‘ಇಂಪ್ಯಾಕ್ಟ್ ಟೀಮ್’ ಎಂದು ಕರೆದುಕೊಂಡ ಅವರ ದೊಡ್ಡ ದೂರಾಗಿತ್ತು. ದೂರು ನ್ಯಾಯವಾದದ್ದೇ. ಆದರೆ ಹಾಗೆ ವಂಚಿತರಾದ ಗ್ರಾಹಕರ ಹೆಸರು, ವಿಳಾಸಗಳನ್ನೇ ಅವರು ಬೀದಿಗೆ ಸುರಿದರು. ಬ್ಲ್ಯಾಕ್‌ಮೇಲ್ ಮಾಡುವವರು ಪಟ್ಟಿ ಹಿಡಿದು ಬಿಟ್‌ಕಾಯಿನ್ ಕೇಳತೊಡಗಿದರು. ಈ ಸೋರಿಕೆಗೆ ನಂಟಿರಬಹುದಾದ ಎರಡು ಆತ್ಮಹತ್ಯೆಗಳ ಬಗ್ಗೆ ದೃಢಪಡದ ವರದಿಗಳಿವೆ ಎಂದು ಟೊರಾಂಟೊ ಪೊಲೀಸರು ಅದೇ ತಿಂಗಳು ಹೇಳಿದರು.

ಹಾಗೆಂದು ಸೋರಿಕೆಯಾದ ಕಡತವನ್ನು ಪತ್ರಕರ್ತರು ಮುಟ್ಟಲೇಬಾರದೆಂದು ನಾನು ಹೇಳುವುದಿಲ್ಲ. ನಿಜವಾದ ಸುದ್ದಿ ಕಂಪನಿಯೊಳಗೇ ಇತ್ತು: ಗಂಡಸರನ್ನು ಸೆಳೆಯಲು ಸೃಷ್ಟಿಸಿದ ಹೆಣ್ಣುಮಕ್ಕಳ ನಕಲಿ ಖಾತೆಗಳು, ಯಾರೂ ಕೊಡದಿದ್ದ ಭದ್ರತಾ ಪ್ರಶಸ್ತಿಯ ಮುದ್ರೆ, ಅಳಿಸುವ ಸುಳ್ಳು ಭರವಸೆ. ಇವುಗಳಿಗೆ ಸಂಬಂಧಿಸಿ 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ರಾಜ್ಯಗಳೊಂದಿಗೆ ಆದ ಒಪ್ಪಂದದಂತೆ ಕಂಪನಿ ಸುಮಾರು 16 ಲಕ್ಷ ಡಾಲರ್ ತೆರಬೇಕಾಯಿತು. ಇದನ್ನು ಬರೆಯಲು ಒಬ್ಬ ಗ್ರಾಹಕನ ಹೆಸರೂ ಬೇಕಿರಲಿಲ್ಲ. ಇತರರ ದಾಂಪತ್ಯನಿಷ್ಠೆಯ ಮೇಲೆ ಕಾನೂನು ಮಾಡುವ ಅಥವಾ ಅದನ್ನೇ ಬೋಧಿಸಿ ಸ್ಥಾನ ಪಡೆದ ವ್ಯಕ್ತಿಯ ವಿಷಯದಲ್ಲಿ ಮಾತ್ರ, ಪಟ್ಟಿಯ ಹೊರಗಿನ ಪುರಾವೆಯೂ ಸಿಕ್ಕಿದರೆ, ಪ್ರಕಟಣೆಯನ್ನು ನಾನು ಒಪ್ಪಿಯೇನು. ಆ ಬಾಗಿಲನ್ನು ಅದಕ್ಕಿಂತ ಅಗಲ ಮಾಡಲು ನನಗೆ ಕಾರಣ ಕಾಣುವುದಿಲ್ಲ.

ಪ್ರಶ್ನೆ: ನಮ್ಮ ಅಕ್ಕನ ಮಗಳ ಮದುವೆಯ ಮಾತುಕತೆ ನಡೆದಿದೆ. ನಮ್ಮ ಪಟ್ಟಣದ ಒಂದು ರಕ್ತಪರೀಕ್ಷಾ ಲ್ಯಾಬಿನಿಂದ ಹೊರಬಿದ್ದ ಎಕ್ಸೆಲ್ ಪಟ್ಟಿಯೊಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದಿದ್ದು, ಅದರಲ್ಲಿ ಹುಡುಗನ ಹೆಸರಿನ ಮುಂದೆ ಎಚ್‌ಐವಿ ಪಾಸಿಟಿವ್ ಎಂದಿದೆ. ಅಕ್ಕ, ಭಾವನಿಗೆ ಅದನ್ನು ಕಳುಹಿಸಲೇ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಕಳುಹಿಸಬೇಡಿ. ಒಂದೇ ಹೆಸರಿನ, ಒಂದೇ ವಯಸ್ಸಿನ ಇಬ್ಬರು ಒಂದೇ ಪಟ್ಟಣದಲ್ಲಿರುವುದು ಅಪರೂಪವೇನಲ್ಲ, ಸಾಲು ಹಿಂದುಮುಂದಾಗಿರಲೂಬಹುದು. ಪಟ್ಟಿಯಲ್ಲಿರುವುದು ಆತನೊಬ್ಬನೇ ಅಲ್ಲವಾದ್ದರಿಂದ, ನೀವು ಕಳುಹಿಸಿದರೆ ಉಳಿದವರೆಲ್ಲರ ಫಲಿತಾಂಶವೂ ಜೊತೆಗೇ ಹೋಗುತ್ತದೆ.

ಆದರೆ ನೋಡಿದ್ದನ್ನು ಮರೆತುಬಿಡಿ ಎಂದು ನಾನು ಹೇಳಲಾರೆ, ಏಕೆಂದರೆ ಆ ಹುಡುಗಿಯ ಆರೋಗ್ಯ ನಿಮ್ಮ ಹೊಣೆಯೂ ಹೌದು. ನಿಶ್ಚಿತಾರ್ಥಕ್ಕೆ ಮೊದಲು ಹುಡುಗ, ಹುಡುಗಿ ಇಬ್ಬರೂ ವೈದ್ಯರಲ್ಲಿ ಆರೋಗ್ಯ ತಪಾಸಣೆ ಮಾಡಿಸಿಕೊಂಡು ಫಲಿತಾಂಶಗಳನ್ನು ತಮ್ಮಿಬ್ಬರಲ್ಲೇ ಹಂಚಿಕೊಳ್ಳಲಿ ಎಂದು ಅಕ್ಕನ ಮೂಲಕ ಸೂಚಿಸಿ. ಅದಕ್ಕೆ ಪಟ್ಟಿಯ ಪ್ರಸ್ತಾಪವೇ ಬೇಕಿಲ್ಲ, ಬೇಡಿಕೆ ಎರಡೂ ಕಡೆಗೆ ಸಮವಾಗಿರುವುದರಿಂದ ಅವಮಾನದ ಮಾತೂ ಇಲ್ಲ. ಹುಡುಗನಿಗೆ ತಾನಾಗಿ ಹೇಳುವ ಅವಕಾಶವೂ ಉಳಿಯುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿತರ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಸಂಗಾತಿಗೆ ಅಪಾಯವಿದ್ದಾಗ ಷರತ್ತುಗಳಿಗೆ ಒಳಪಟ್ಟು ತಿಳಿಸುವ ಅವಕಾಶವನ್ನು ಅದು ಚಿಕಿತ್ಸೆ ನೀಡುವ ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಕೊಟ್ಟಿದೆಯೇ ಹೊರತು ಬಂಧುಗಳಿಗಲ್ಲ.

ಪಟ್ಟಿ ಗುಂಪಿಗೆ ಹಾಕಿದವರಿಗೆ ಖಾಸಗಿಯಾಗಿ ಹೇಳಿ ಅದನ್ನು ಎಲ್ಲರಿಗೂ ಅಳಿಸಿಹೋಗುವಂತೆ ತೆಗೆಸಿ. ನಿಮ್ಮ ಫೋನಿನ ಗ್ಯಾಲರಿ ಮತ್ತು ಬ್ಯಾಕಪ್‌ನಲ್ಲಿ ಪ್ರತಿ ಉಳಿದಿದ್ದರೆ ಅದನ್ನೂ ಅಳಿಸುವ ಮುನ್ನ, ಕಡತದ ಹೆಸರು, ಬಂದ ದಿನ ಮತ್ತು ಗುಂಪಿನ ಹೆಸರನ್ನು ಮಾತ್ರ ಬರೆದಿಟ್ಟುಕೊಂಡು ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ದೂರು ಕೊಡಿ. ಲ್ಯಾಬಿಗೂ ಲಿಖಿತವಾಗಿ ತಿಳಿಸಿ: ಸೋರಿಕೆಯಾದದ್ದನ್ನು ಸಂಬಂಧಪಟ್ಟ ಪ್ರತಿಯೊಬ್ಬರಿಗೂ ತಿಳಿಸುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಸಂಗ್ರಹಿಸಿದ ಸಂಸ್ಥೆಯ ಮೇಲೆಯೇ ಹೊರಿಸಿದೆ, ಸುರಕ್ಷತಾ ಕ್ರಮಗಳಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೂ ಅದರಲ್ಲಿ ಅವಕಾಶವಿದೆ. ನಿಮ್ಮ ಪತ್ರದಲ್ಲಿ ಯಾವ ರೋಗಿಯ ಹೆಸರನ್ನೂ ಬರೆಯಬೇಡಿ.